ಪಂದಿ ಕರಿಯೊಂದನ್ನೇ ಬೈಯಬೇಡಿ

ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಹೆಚ್ಚು ಎಂದು ಬಂದ ದಿನವೇ ಕೊಡಗಿನ ಎಷ್ಟೋ ಮನೆಗಳಲ್ಲಿ ಪಂದಿ ಕರಿ, ಅಂದರೆ ಹಂದಿ ಮಾಂಸದ ಅಡುಗೆ, ನಿಂತುಹೋಗುತ್ತದೆ. ಮೂರು ತಿಂಗಳು ಬಿಟ್ಟು ನೋಡಿದರೆ ಅಂಕಿ ಅಲ್ಲೇ ಕೂತಿರುತ್ತದೆ. ಒಟ್ಟು ಕೊಲೆಸ್ಟ್ರಾಲಿನ ಸಾಲನ್ನು ಸದ್ಯಕ್ಕೆ ಬಿಡಿ. ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರಿದೆಯೋ, ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ ಏರಿದೆಯೋ ನೋಡಿ. ಎರಡರ ಮೂಲವೂ ಬೇರೆ, ಮದ್ದೂ ಬೇರೆ.

ಟ್ರೈಗ್ಲಿಸರೈಡ್ 150 ದಾಟಿ, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿದ್ದರೆ ಮೊದಲ ಅನುಮಾನ ಮಾಂಸದ ಮೇಲಲ್ಲ, ಅಕ್ಕಿ, ಸಕ್ಕರೆ ಮತ್ತು ಮದ್ಯದ ಗ್ಲಾಸಿನ ಮೇಲೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ): ಹೆಸರು ಮೂರು, ಧಾನ್ಯ ಒಂದೇ. ಖರ್ಚಾಗದೆ ಉಳಿದ ಪಿಷ್ಟವನ್ನು ಯಕೃತ್ತು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯ ಅದೇ ಕೆಲಸಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ಸಿಹಿಯಾದ ಮನೆ ವೈನಿನಲ್ಲಿ ಸಕ್ಕರೆಯೂ ಸೇರಿರುತ್ತದೆ, ‘ಹಣ್ಣಿನದಲ್ಲವೇ’ ಎಂಬ ಸಮಾಧಾನ ಬೇಡ. ನಾಲ್ಕು ಕಡಂಬುಟ್ಟು ತಿನ್ನುವವರು ಎರಡಕ್ಕೆ ಇಳಿಸಿ, ಉಳಿದ ಜಾಗಕ್ಕೆ ಕಾಳಿನ ಸಾರು, ಸೊಪ್ಪು, ಬೈಂಬಳೆ (ಕಳಲೆ) ಕರಿ ಬರಲಿ. ಕುಡಿಯುವುದನ್ನೂ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಇಳಿಕೆ ಕಾಣುತ್ತದೆ.

ಎಲ್‌ಡಿಎಲ್ ಅಷ್ಟು ಬೇಗ ಮಣಿಯುವುದಿಲ್ಲ. ಅದನ್ನು ಏರಿಸುವುದರಲ್ಲಿ ಮುಖ್ಯವಾದದ್ದು ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 1800 ಕ್ಯಾಲರಿ ತಿನ್ನುವವರಿಗೆ ಇದು 14 ಗ್ರಾಂ ಒಳಗಿರಬೇಕು. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ತೆಂಗಿನ ತುರಿಯಲ್ಲೇ 9 ಗ್ರಾಂ ಇದೆ. ಪಾಪುಟ್ಟಿಗೂ (ಅಕ್ಕಿ ತರಿಯ ಹಬೆ ತಿಂಡಿ) ತೆಂಗು, ಕರಿಗೂ ತೆಂಗು ಎಂದರೆ ಲೆಕ್ಕ ತಪ್ಪಿತು. ಹಂದಿಯ ಹೊಟ್ಟೆ ಭಾಗದ 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 19 ಗ್ರಾಂ, ಕೊಬ್ಬು ತೆಗೆದ ಸೊಂಟದ ಭಾಗದಲ್ಲಿ ಎರಡು ಗ್ರಾಂ ಆಸುಪಾಸು. ಆದ್ದರಿಂದ ಪಂದಿ ಬೇಕೋ ಬೇಡವೋ ಎನ್ನುವುದಕ್ಕಿಂತ ಯಾವ ತುಂಡು ಎಂದು ಕೇಳಿ.

ಚರ್ಮ, ಬಿಳಿ ಕೊಬ್ಬು ಕತ್ತರಿಸಿ, ಎಣ್ಣೆ ಹಾಕದೆ, ನೀರು ಹೆಚ್ಚಿಟ್ಟು ಹಿಂದಿನ ಸಂಜೆಯೇ ಬೇಯಿಸಿ. ಆರಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಗಟ್ಟಿಯಾದ ಬಿಳಿ ಪದರವನ್ನು ಚಮಚದಲ್ಲಿ ಎತ್ತಿ ಹಾಕಿ, ಆಮೇಲೆ ಹುರಿದ ಮಸಾಲೆ, ಕಾಚಂಪುಳಿ (ಹುಳಿ ಹಣ್ಣಿನ ಗಟ್ಟಿ ಕಪ್ಪು ರಸ) ಸೇರಿಸಿ ಇಂಗಿಸಿ. ಮೊದಲೇ ಇಂಗಿಸಿಬಿಟ್ಟರೆ ಕೊಬ್ಬು ಮಸಾಲೆಗೆ ಅಂಟಿಕೊಂಡು ಮೇಲೆ ಬರುವುದೇ ಇಲ್ಲ. ಕಾಚಂಪುಳಿ ಕೊಬ್ಬನ್ನು ಕರಗಿಸುತ್ತದೆ ಎಂಬ ಮಾತನ್ನು ನಂಬಿ ಚಮಚವನ್ನು ಕೈಬಿಡಬೇಡಿ. ಅದು ಕೊಡುವುದು ಹುಳಿ ಮತ್ತು ಬಣ್ಣ. ಅದೇ ಜಾತಿಯ ಹಣ್ಣಿನ ಸಾರವೆಂದು ಮಾರುವ ತೂಕ ಇಳಿಸುವ ಕ್ಯಾಪ್ಸೂಲುಗಳಂತೂ ಬೇಡವೇ ಬೇಡ, ಅವುಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳಿವೆ.

ಇನ್ನು ಯಾರೂ ಅನುಮಾನಿಸದ ಲೋಟ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿಯನ್ನು ನೀರಿನಲ್ಲಿ ಕುದಿಸಿ, ಚರಟ ತಳಕ್ಕಿಳಿದ ಮೇಲೆ ಬಗ್ಗಿಸಿಕೊಂಡು ಕುಡಿಯುವ ಕಾಪಿಯಲ್ಲಿ ಅದು ಹೆಚ್ಚು. ಹಾಲು ಹಾಕದ ಬೆಲ್ಲದ ಕಾಪಿಯಾದರೂ ಅಷ್ಟೇ. ದಿನಕ್ಕೆ ಐದಾರು ಲೋಟ ಹೋದರೆ ರಿಪೋರ್ಟಿನಲ್ಲಿ ಕಾಣುತ್ತದೆ. ಕಾಗದದ ಫಿಲ್ಟರ್ ಬಹುಪಾಲನ್ನು ಹಿಡಿದುಕೊಳ್ಳುತ್ತದೆ, ಬಟ್ಟೆಯೂ ಸಾಕಷ್ಟು ತಡೆಯುತ್ತದೆ, ಸ್ಟೀಲ್ ಫಿಲ್ಟರಿನ ತೂತುಗಳಿಗೆ ಆ ಶಕ್ತಿಯಿಲ್ಲ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಕೆಫೆಸ್ಟಾಲ್ ಕಡಿಮೆ, ಕೊಡಗಿನವರಿಗೆ ಅಷ್ಟರ ಮಟ್ಟಿಗೆ ಅನುಕೂಲ.

ಕರಗುವ ನಾರು ದಿನಕ್ಕೆ 5ರಿಂದ 10 ಗ್ರಾಂ ಹೆಚ್ಚಿದರೆ ಎಲ್‌ಡಿಎಲ್ ಸುಮಾರು ಶೇ. 5 ಇಳಿಯಬಹುದು. ಕಾಳು, ಓಟ್ಸ್, ಸೀಬೆಹಣ್ಣು, ಇಸಬ್‌ಗೋಲ್ ಎಲ್ಲವೂ ಆದೀತು. ಇಸಬ್‌ಗೋಲಿಗೆ ದೊಡ್ಡ ಲೋಟ ನೀರು ಬೇಕೇ ಬೇಕು, ಇಲ್ಲದಿದ್ದರೆ ಗಂಟಲಲ್ಲೇ ಉಬ್ಬಿ ಕೂರುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಟ್ರೈಗ್ಲಿಸರೈಡಿಗೆ ಒಳ್ಳೆಯದು, ಎಲ್‌ಡಿಎಲ್‌ಗೆ ಅಷ್ಟಕ್ಕಷ್ಟೆ. ಜೀಪಿನಲ್ಲಿ ತೋಟ ಸುತ್ತಿದ್ದು ಲೆಕ್ಕಕ್ಕಿಲ್ಲ. ಆಟಿ ತಿಂಗಳ ಮಳೆಯಲ್ಲಿ ನಡೆಯಲು ಜಗಲಿಯೇ ಸಾಕು.

ಎಲ್‌ಡಿಎಲ್ 190 ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಒಮ್ಮೆ ಹೃದಯಾಘಾತವಾದವರಿಗೆ ಪಥ್ಯವೊಂದೇ ಸಾಲದು, ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿ ಊದುವ ಅಪಾಯವಿದೆ, ತಡಮಾಡದೆ ವೈದ್ಯರನ್ನು ಕಾಣಿ. ಥೈರಾಯ್ಡ್ ಕುಂದಿದರೂ ಎಲ್‌ಡಿಎಲ್ ಏರುತ್ತದೆ, ಅದರ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಒಮ್ಮೆ ನೋಡಿಸಿ.

ಮರುಪರೀಕ್ಷೆ ಆರರಿಂದ ಹನ್ನೆರಡು ವಾರದ ನಡುವೆ ಆಗಲಿ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಲ್ಯಾಬಿನವರು ಅಳೆಯದೆ ಬೇರೆ ಅಂಕಿಗಳಿಂದ ಲೆಕ್ಕ ಕಟ್ಟಿ ಬರೆದ ಎಲ್‌ಡಿಎಲ್ ಅಂಕಿ ನಂಬುವಂಥದ್ದಲ್ಲ. ಹನ್ನೆರಡು ಗಂಟೆ ಬರಿಹೊಟ್ಟೆಯಲ್ಲಿದ್ದು ಮತ್ತೆ ಕೊಡಿ, ನೇರವಾಗಿ ಅಳೆಯಲು ಹೇಳಿ. ರಕ್ತ ಕೊಡುವ ಹೊತ್ತಿಗೆ ಪುತ್ತರಿಯ (ಸುಗ್ಗಿ ಹಬ್ಬ) ಊಟ, ಗ್ಲಾಸು ಎಲ್ಲ ಮುಗಿದು ಎರಡು ವಾರವಾದರೂ ಕಳೆದಿರಲಿ.