ಎದ್ದು ನಿಲ್ಲುವುದೆಂಬ ಕೆಲಸ

ಮಹಾಪೂಜೆಯ ಹೊತ್ತಿಗೆ ನಿಂತಲ್ಲೇ ಕುಸಿದವರನ್ನು ನೀವೂ ನೋಡಿರಬಹುದು. ಯಾರೋ ಮುಖಕ್ಕೆ ತೀರ್ಥ ಚಿಮುಕಿಸುತ್ತಾರೆ, ಬಿದ್ದವರು ಕಣ್ಣು ಬಿಡುತ್ತಾರೆ, ಕೀರ್ತಿ ತೀರ್ಥಕ್ಕೆ ಸಲ್ಲುತ್ತದೆ. ನಿಜವಾಗಿ ಎಬ್ಬಿಸಿದ್ದು ನೆಲ. ಅಡ್ಡ ಬಿದ್ದೊಡನೆ ಮಿದುಳೂ ಹೃದಯವೂ ಒಂದೇ ಮಟ್ಟಕ್ಕೆ ಬಂದವು, ರಕ್ತ ಹರಿಯಿತು.

ಸೆಕೆಗೆ ಎಂದೋ ಒಮ್ಮೆ ಹೀಗಾಗುವುದು ಬೇರೆ. ಎದ್ದಾಗಲೆಲ್ಲ ಕಣ್ಣು ಕತ್ತಲಿಡುತ್ತಿದ್ದರೆ ನಮ್ಮ ಕಾಸರಗೋಡಿನ ಕಡೆ ಮೊದಲು ಪಿತ್ತ ಎನ್ನುತ್ತಾರೆ, ಆಮೇಲೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುತ್ತಾರೆ. ಸಾಮಾನ್ಯವಾಗಿ ಕಾರಣ ಮಧುಮೇಹವೋ ನುಂಗುತ್ತಿರುವ ಮಾತ್ರೆಯೋ ಆಗಿರುತ್ತದೆ. ಲಕ್ಷ ಜನರಲ್ಲಿ 4-5 ಮಂದಿಗೆ ಮಾತ್ರ, ನರಕೋಶಗಳು ಸಾಯುತ್ತಾ ಹೋಗುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಎಂಬ ಕಾಯಿಲೆ ಇರುತ್ತದೆ. ಇಲ್ಲಿ ಹೇಳಹೊರಟದ್ದು ಅದನ್ನೇ.

ನಿಲ್ಲುವುದನ್ನು ನಾವು ಕೆಲಸವೆಂದೇ ಎಣಿಸುವುದಿಲ್ಲ. ಎದ್ದ ಕೂಡಲೇ ಅರ್ಧದಿಂದ ಒಂದು ಲೀಟರಿನವರೆಗೆ ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ಗುಡ್ಡ ಕೊರೆದ ಸುರಂಗದ ನೀರಿನಲ್ಲಿ ಅಡಿಕೆ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ: ಕೆಳಗಿನ ಸಾಲಿನ ಗೇಟ್‌ವಾಲ್ವ್ ಪೂರ್ತಿ ತೆರೆದರೆ ಮೇಲಿನ ಸಾಲಿನ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ತೋಟದಲ್ಲಾದರೆ ವಾಲ್ವ್ ತಿರುಗಿಸಲು ನಾವೇ ಇಳಿಯಬೇಕು. ದೇಹದಲ್ಲಿ ಆ ಆಳು ಒಳಗೇ ಇದ್ದಾನೆ. ಕುತ್ತಿಗೆಯ ಶೀರ್ಷಧಮನಿಯಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಇಳಿದರೆ ಅವುಗಳ ಸಂಕೇತ ವಿರಳವಾಗುತ್ತದೆ. ಮಿದುಳಿನ ಕಾಂಡ ಅದನ್ನು ಗಮನಿಸಿ ಅನುವೇದಕ (ಸಿಂಪಥೆಟಿಕ್) ನರಗಳಿಗೆ ಆಜ್ಞೆ ಕಳುಹಿಸುತ್ತದೆ, ಆ ನರಗಳ ತುದಿಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ನಾಡಿ ಏರುತ್ತದೆ. ಎಲ್ಲವೂ ಕೆಲವು ಸೆಕೆಂಡುಗಳಲ್ಲಿ. ನನಗೆ ತೋಟದ ಹೋಲಿಕೆಗಿಂತ ಯಕ್ಷಗಾನದ ಹೋಲಿಕೆಯೇ ಇಷ್ಟ. ಭಾಗವತರ ಜಾಗಟೆಯ ಸೂಚನೆಗೆ ಚೆಂಡೆಯವರು ಕಾಲ ಬದಲಿಸುತ್ತಾರೆ. ವೇಷದ ಮೇಲೆ ಕಣ್ಣಿಟ್ಟ ನಮಗೆ ಅದು ತಿಳಿಯುವುದೇ ಇಲ್ಲ.

ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲಿ ಚೆಂಡೆ ಸರಿಯಾಗಿಯೇ ಇರುತ್ತದೆ, ಭಾಗವತರು ಮೌನವಾಗುತ್ತಾರೆ. ಆಜ್ಞೆ ಕೊಡುವ ನರಕೋಶಗಳು ಮಿದುಳಿನ ಕಾಂಡದಲ್ಲಿ, ಬೆನ್ನುಹುರಿಯಲ್ಲಿ ಸಾಯುತ್ತಾ ಹೋಗುತ್ತವೆ. 1925ರಲ್ಲಿ ಬ್ರಾಡ್‌ಬರಿ ಮತ್ತು ಎಗಲ್‌ಸ್ಟನ್ ಎಂಬ ವೈದ್ಯರು ವರ್ಣಿಸಿದ ಇನ್ನೊಂದು ಕಾಯಿಲೆಯಲ್ಲಿ ಮುಖ್ಯವಾಗಿ ಚೆಂಡೆಯೇ ಒಡೆಯುತ್ತದೆ, ಹೊರಗಿನ ನರಗಳೇ ಸೊರಗುತ್ತವೆ. ನಮ್ಮ ಕಾಯಿಲೆಯನ್ನು 1960ರಲ್ಲಿ ಶೈ ಮತ್ತು ಡ್ರೇಗರ್ ಬರೆದಿಟ್ಟರು. ಈಗಿನ ಹೆಸರು 1969ರದು. ಮಿದುಳಿನ ಪೋಷಕ ಕೋಶಗಳೊಳಗೆ ಗಂಟುಗಳಿರುವುದು 1989ರಲ್ಲಿ ಕಂಡಿತು. ಅವು ಪಾರ್ಕಿನ್ಸನ್ ಕಾಯಿಲೆಯಲ್ಲೂ ಕಾಣುವ ಆಲ್ಫಾ ಸೈನ್ಯೂಕ್ಲಿನ್ ಪ್ರೋಟೀನಿನವು ಎಂಬುದು ಸುಮಾರು ಹತ್ತು ವರ್ಷದ ನಂತರ ತಿಳಿಯಿತು. ಮೂತ್ರದ ಹಿಡಿತ, ಬೆವರು, ನಡಿಗೆ, ಧ್ವನಿ ಒಂದೊಂದಾಗಿ ಕೈಬಿಡುತ್ತವೆ. ತಡೆಯುವ ಮದ್ದು ಇನ್ನೂ ಇಲ್ಲ.

ಪತ್ತೆಯ ಮೊದಲ ಹೆಜ್ಜೆಗೆ ಮಾತ್ರ ದೊಡ್ಡ ಯಂತ್ರ ಬೇಡ. ಮಲಗಿಸಿ ಬಿಪಿ ನೋಡಬೇಕು, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದು, ನಾಡಿ ಹೆಚ್ಚೇನೂ ಏರದಿದ್ದರೆ ನರಗಳ ಮೇಲೆ ಅನುಮಾನ ಪಡಬೇಕು. ಕುಳ್ಳಿರಿಸಿ ಒಂದೇ ಸಲ ನೋಡಿ 'ನಾರ್ಮಲ್' ಎಂದು ಕಳುಹಿಸುವವರ ಮೇಲೆ ನನಗೆ ಜ್ಯೋತಿಷಿಯ ಮೇಲಿನಷ್ಟೇ ಸಿಟ್ಟಿದೆ.

ಜ್ಯೋತಿಷಿಯ ಕವಡೆಗೆ ಈ ಕಾಯಿಲೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಇದು ಹೊತ್ತು ನೋಡಿ ಬರುತ್ತದೆ. ಬೆಳಿಗ್ಗೆ ಎದ್ದಾಗ, ಹಂಡೆಯ ಬಿಸಿನೀರು ಮಿಂದಾಗ, ಹೊಟ್ಟೆ ತುಂಬ ಉಂಡೆದ್ದಾಗ. ಪ್ರೇತಕ್ಕೆ ಇಂಥ ವೇಳಾಪಟ್ಟಿ ಏಕೋ! ಶಾಖಕ್ಕೆ ಚರ್ಮದ ನಾಳಗಳು ಹಿಗ್ಗುತ್ತವೆ, ಊಟವಾದ ಮೇಲೆ ಕರುಳು ರಕ್ತವನ್ನು ಎಳೆದುಕೊಳ್ಳುತ್ತದೆ. ಬಿಗಿಯಬೇಕಾದ ಬೇರೆ ನಾಳಗಳಿಗೆ ಆಜ್ಞೆಯೇ ತಲುಪುವುದಿಲ್ಲ.

ಇನ್ನು ತೀರ್ಥದ ವಿಷಯ. ಇಂಥ ರೋಗಿಗಳು ಸುಮಾರು ಅರ್ಧ ಲೀಟರ್ ನೀರನ್ನು ಒಮ್ಮೆಗೇ ಕುಡಿದರೆ ಅರ್ಧ ಗಂಟೆಯಲ್ಲಿ ಮೇಲಿನ ಬಿಪಿ 30ರಷ್ಟು ಏರುವುದುಂಟು. ಆರೋಗ್ಯವಂತ ಯುವಕರಲ್ಲಿ ಬಹುತೇಕ ಏನೂ ಆಗುವುದಿಲ್ಲ, ಏಕೆಂದರೆ ಅವರ ಭಾಗವತರು ಅದನ್ನು ಕೂಡಲೇ ಸರಿದೂಗಿಸುತ್ತಾರೆ. ಹಾಗಾಗಿ ಮದ್ದು ತಪ್ಪಲ್ಲ, ಉದ್ಧರಣೆಯ ಅಳತೆ ಸಾಲದು.

ಮಲಗಿದಾಗ ಎಲ್ಲವೂ ತಿರುವುಮುರುವು. ಬಿಪಿ ಮೇಲೇರುತ್ತದೆ, ಮೂತ್ರಪಿಂಡಗಳು ರಾತ್ರಿಯಿಡೀ ಉಪ್ಪನ್ನೂ ನೀರನ್ನೂ ಹೊರಹಾಕುತ್ತವೆ, ಬೆಳಗಾಗುವಾಗ ಟ್ಯಾಂಕು ಅರ್ಧ ಖಾಲಿ. ನಿಂತಾಗ ಬಿಪಿ ಇಳಿಯದಂತೆ ಕೊಡುವ ಫ್ಲೂಡ್ರೊಕಾರ್ಟಿಸೋನ್, ಮಿಡೊಡ್ರಿನ್ ಮಾತ್ರೆಗಳ ಜೊತೆ, ರಾತ್ರಿಯ ಈ ತೊಂದರೆಗಾಗಿ ಮಂಚದ ತಲೆಯ ಕಡೆಯನ್ನು ಎತ್ತರಿಸಲು ವೈದ್ಯರು ಹೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಕೆಂಪುಕಲ್ಲಿನ ಎರಡು ತುಂಡು ಸಾಕು. ಮಂಚದಡಿಯ ಆ ಕಲ್ಲುಗಳನ್ನು ಕಂಡ ನೆಂಟರು ಯಾವ ದೋಷಕ್ಕೆ ಪರಿಹಾರವೆಂದು ಕೇಳಿಯೇ ಕೇಳುತ್ತಾರೆ.