ಹೆದ್ದಾರಿಯ ಸಂಖ್ಯೆಯಲ್ಲಿ ಅಡಗಿರುವ ದಿಕ್ಕು

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟವರಿಗೆ ನೆಲಮಂಗಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಕುಣಿಗಲ್, ಹಾಸನ ದಾಟಿ ಶಿರಾಡಿ ಘಾಟಿಯಲ್ಲಿಳಿದು ಮಂಗಳೂರಿನ ಕಡೆಗೆ ಹೋಗುತ್ತದೆ. ಇನ್ನೊಂದು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಮೂಲಕ ಪುಣೆಯತ್ತ ಸಾಗುತ್ತದೆ. 2010ಕ್ಕೆ ಮೊದಲು ಹಾಸನದ ದಾರಿ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು, ಪುಣೆಯ ದಾರಿ 4 ಆಗಿತ್ತು. ಈಗ ಪುಣೆಯ ದಾರಿಯೇ 48, ಹಾಸನದ ದಾರಿ 75. ಹಳೆಯ ನಕ್ಷೆಯೊಂದನ್ನು ಕೈಯಲ್ಲಿ ಹಿಡಿದು 48ನ್ನು ಹುಡುಕುವ ಪ್ರಯಾಣಿಕ ಮಂಗಳೂರಿಗೆಂದು ಹೊರಟು ತುಮಕೂರು ಸೇರುವ ಸಾಧ್ಯತೆ ನಿಜಕ್ಕೂ ಇದೆ. ಇಷ್ಟು ಗೊಂದಲಕ್ಕೆ ಎಡೆಮಾಡಿಕೊಟ್ಟಾದರೂ ಸಂಖ್ಯೆಗಳನ್ನು ಬದಲಿಸಬೇಕಾಗಿತ್ತೇ ಎಂದು ಕೇಳಿದರೆ, ಬದಲಿಸಬೇಕಾಗಿತ್ತು ಎಂದೇ ನನ್ನ ಉತ್ತರ.

ಮೊದಲಿಗೆ, ಹೆಸರು ಇರುವಾಗ ಸಂಖ್ಯೆ ಏಕೆ ಬೇಕು ಎಂಬುದನ್ನು ನೋಡೋಣ. ನಮ್ಮಲ್ಲಿ ರಸ್ತೆಗೆ ಅದು ತಲುಪುವ ಊರಿನ ಹೆಸರನ್ನಿಡುವುದು ರೂಢಿ. ಬೆಂಗಳೂರಿನವರಿಗೆ ತುಮಕೂರು ರಸ್ತೆಯಾದದ್ದು ತುಮಕೂರಿನವರಿಗೆ ಬೆಂಗಳೂರು ರಸ್ತೆ. ಅದೇ ದಾರಿ ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಪಿ.ಬಿ. ರಸ್ತೆ, ಅಂದರೆ ಪೂನಾ-ಬೆಂಗಳೂರು ರಸ್ತೆ. ಹೀಗೆ ಹೆಸರು ನಿಂತ ಜಾಗವನ್ನು ಅನುಸರಿಸಿ ಬದಲಾಗುತ್ತದೆ. ಸಂಖ್ಯೆ ಹಾಗಲ್ಲ, ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಕೇಳಿದರೂ ಒಂದೇ.

ಆದರೆ ಹಳೆಯ ಸಂಖ್ಯೆಗಳು ಗುರುತಿಗಷ್ಟೇ ಒದಗುತ್ತಿದ್ದವು. ದೆಹಲಿಯಿಂದ ಅಮೃತಸರದ ಕಡೆಗೆ ಹೋಗುವುದು 1, ದೆಹಲಿಯಿಂದ ಕೋಲ್ಕತ್ತಕ್ಕೆ 2, ಆಗ್ರಾದಿಂದ ಮುಂಬೈಗೆ 3 ಎಂದು ಪ್ರಧಾನ ಮಾರ್ಗಗಳಿಗೆ ಚಿಕ್ಕ ಸಂಖ್ಯೆಗಳು ಸಂದಿದ್ದವು. ಆಮೇಲೆ ಘೋಷಣೆಯಾದ ಹೆದ್ದಾರಿಗಳಿಗೆ ಬಹುಮಟ್ಟಿಗೆ ಸರದಿಯಂತೆ ಮುಂದಿನ ಸಂಖ್ಯೆಗಳು ಬಂದವು. ಇದರಿಂದಾಗಿ ಕರ್ನಾಟಕವೊಂದರಲ್ಲೇ 4, 7, 13, 17, 48, 63, 206, 212, 218, 234 ಎಂಬ ಹೆದ್ದಾರಿಗಳು ಅಕ್ಕಪಕ್ಕದಲ್ಲಿ ಹರಡಿಕೊಂಡಿದ್ದವು. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ 206ಕ್ಕೂ, ಗುಜರಾತಿನ ಹಜೀರಾದಿಂದ ಕೋಲ್ಕತ್ತಕ್ಕೆ ಹೋಗುತ್ತಿದ್ದ 6ಕ್ಕೂ ಯಾವ ನಂಟೂ ಇರಲಿಲ್ಲ. ಸಂಖ್ಯೆ ತಿಳಿದಿದ್ದರೂ ದಾರಿ ಉತ್ತರಕ್ಕೋ ಪೂರ್ವಕ್ಕೋ, ಅದು ಇರುವುದು ಕಾಶ್ಮೀರದಲ್ಲೋ ಕೇರಳದಲ್ಲೋ ಎಂದು ಊಹಿಸಲು ಸಾಧ್ಯವಿರಲಿಲ್ಲ.

2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟಿತು. ನಿಯಮ ಸರಳವಾಗಿದೆ. ಉತ್ತರ-ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ-ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆ. ಸಮಸಂಖ್ಯೆಗಳು ದೇಶದ ಪೂರ್ವದ ಅಂಚಿನಿಂದ ಪಶ್ಚಿಮಕ್ಕೆ ಬರುತ್ತಾ ಏರುತ್ತವೆ. ಬೆಸಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತಾ ಏರುತ್ತವೆ.

ಇದನ್ನು ನಕ್ಷೆಯ ಮೇಲೆ ಪರೀಕ್ಷಿಸಿ ನೋಡುವುದೇ ಒಂದು ಸಂತೋಷ. ಅಸ್ಸಾಮಿನಿಂದ ನಾಗಾಲ್ಯಾಂಡ್, ಮಣಿಪುರಗಳ ಮೂಲಕ ಮಿಜೋರಾಂ ತಲುಪುವ ಹೆದ್ದಾರಿ 2. ಕೋಲ್ಕತ್ತದಿಂದ ಪೂರ್ವ ಕರಾವಳಿಯುದ್ದಕ್ಕೂ ಚೆನ್ನೈಗೆ ಬರುವುದು 16. ದೇಶದ ನಡುಬೆನ್ನಿನಂತೆ ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ 3,700 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಚಾಚಿರುವುದು 44. ಮುಂಬೈ ಬಳಿಯ ಪನ್ವೇಲಿನಿಂದ ಕಾರವಾರ, ಉಡುಪಿ, ಮಂಗಳೂರುಗಳನ್ನು ಹಾಯ್ದು ಪಶ್ಚಿಮ ಕರಾವಳಿಯಲ್ಲೇ ಇಳಿಯುವುದು 66. ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಬೆಂಗಳೂರುಗಳ ಮೂಲಕ ಹಾದುಹೋಗುವ 44ಕ್ಕೆ ಹಿಂದೆ ಒಂದೇ ಸಂಖ್ಯೆ ಇರಲಿಲ್ಲ. 1ಎ, 1, 2, 3, 75, 26, 7 ಎಂಬ ಏಳು ಹಳೆಯ ಹೆದ್ದಾರಿಗಳನ್ನು ಪೂರ್ಣವಾಗಿಯೋ ಭಾಗಶಃವೋ ಸೇರಿಸಿ ಅದನ್ನು ರೂಪಿಸಲಾಯಿತು. ದಾರಿ ಮೊದಲೂ ಇತ್ತು, ಅದನ್ನು ಒಂದೇ ದಾರಿಯೆಂದು ಕಾಣುವ ದೃಷ್ಟಿ ಆಮೇಲೆ ಬಂತು.

ಬೆಸಸಂಖ್ಯೆಗಳನ್ನು ನೋಡಲು ಕರ್ನಾಟಕವೇ ಸಾಕು. ಹುಮನಾಬಾದಿನ ಮೂಲಕ ಪುಣೆಯಿಂದ ಹೈದರಾಬಾದಿಗೆ ಹೋಗುವುದು 65. ಅದಕ್ಕಿಂತ ದಕ್ಷಿಣದಲ್ಲಿ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳ ಸಾಲಿನಲ್ಲಿ 67. ಇನ್ನೂ ಕೆಳಗೆ ಹೊನ್ನಾವರ, ಸಾಗರ, ಶಿವಮೊಗ್ಗಗಳ ದಾರಿ 69. ಚಾರ್ಮಾಡಿ ಘಾಟಿಯನ್ನೇರಿ ತುಮಕೂರಿಗೆ ಬರುವುದು 73, ಶಿರಾಡಿಯದು 75. ಏಣಿಯ ಮೆಟ್ಟಿಲುಗಳಂತೆ ಒಂದೊಂದೇ ಸಂಖ್ಯೆ ಕೆಳಗಿಳಿಯುತ್ತದೆ. ಇದೇ ಎಣಿಕೆಯನ್ನು ಮುಂದುವರಿಸಿದರೆ ಕೊಚ್ಚಿಯಿಂದ ಮಧುರೆಯ ಕಡೆಗೆ ಹೋಗುವ ಹೆದ್ದಾರಿ 85.

ಹಾಗೆಂದು ನಿಯಮ ಎಲ್ಲೆಡೆಯೂ ಗೆರೆ ಕೊರೆದಂತೆ ನಡೆಯುವುದಿಲ್ಲ. ರಸ್ತೆಗಳು ಅಕ್ಷಾಂಶ ರೇಖಾಂಶಗಳನ್ನು ಅನುಸರಿಸಿ ಹುಟ್ಟಿದವಲ್ಲ. ಬೆಟ್ಟ, ನದಿ, ಸಂತೆ, ರಾಜಧಾನಿಗಳನ್ನು ಅನುಸರಿಸಿ ಸವೆದ ದಾರಿಗಳವು. 48 ಮತ್ತು 52ನ್ನು ಗಮನಿಸಿ. ಮೊದಲನೆಯದು ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬೈ, ಹುಬ್ಬಳ್ಳಿ, ಬೆಂಗಳೂರುಗಳ ಮೂಲಕ ಚೆನ್ನೈಗೆ ಬರುತ್ತದೆ. ಎರಡನೆಯದು ಪಂಜಾಬಿನ ಸಂಗ್ರೂರಿನಿಂದ ಜೈಪುರ, ಇಂದೋರ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳ ಮೂಲಕ ಅಂಕೋಲೆಗೆ ಇಳಿಯುತ್ತದೆ. ದೊಡ್ಡ ಸಂಖ್ಯೆಯ 52 ಪಶ್ಚಿಮಕ್ಕಿರಬೇಕು. ಜೈಪುರದ ಉತ್ತರಕ್ಕೆ ಹಾಗೆಯೇ ಇದೆ, ಹುಬ್ಬಳ್ಳಿಯ ದಕ್ಷಿಣಕ್ಕೂ ಹಾಗೆಯೇ ಇದೆ. ನಡುವಿನ ಅಷ್ಟೂ ದೂರದಲ್ಲಿ ಮಾತ್ರ ಅವು ಅದಲುಬದಲಾಗಿವೆ, ಏಕೆಂದರೆ ಇವೆರಡೂ ದಾರಿಗಳು ಜೈಪುರದಲ್ಲೊಮ್ಮೆ, ಹುಬ್ಬಳ್ಳಿಯಲ್ಲೊಮ್ಮೆ ಒಂದನ್ನೊಂದು ದಾಟುತ್ತವೆ. ಅಡ್ಡಹಾಯುವ ಎರಡು ಗೆರೆಗಳಿಗೆ ಎಲ್ಲ ಕಡೆಯೂ ಒಪ್ಪುವಂತೆ ಸಂಖ್ಯೆ ಕೊಡಲು ಯಾರಿಂದಲೂ ಸಾಧ್ಯವಿಲ್ಲ.

ಮೂರಂಕಿಯ ಸಂಖ್ಯೆಗಳದ್ದು ಬೇರೆಯೇ ತರ್ಕ, ನನಗೆ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಇಷ್ಟವಾದದ್ದೂ ಇದೇ. ಕೊನೆಯ ಎರಡು ಅಂಕಿಗಳು ಮೂಲ ಹೆದ್ದಾರಿಯನ್ನು ಹೇಳುತ್ತವೆ, ಮೊದಲನೆಯದು ಅದರ ಕವಲಿನ ಸಂಖ್ಯೆ. ಬೆಂಗಳೂರಿನಿಂದ ಮೈಸೂರು, ಮಡಿಕೇರಿಗಳನ್ನು ಹಾಯ್ದು ಬಂಟ್ವಾಳದ ಬಳಿ 75ನ್ನು ಸೇರುವ ಹೆದ್ದಾರಿ 275, ಅಂದರೆ 75ರ ಎರಡನೆಯ ಕವಲು. ಕೋಯಿಕ್ಕೋಡಿನಲ್ಲಿ ಕರಾವಳಿಯ 66ರಿಂದ ಹೊರಟು ವಯನಾಡು, ಬಂಡೀಪುರದ ಕಾಡು, ಗುಂಡ್ಲುಪೇಟೆ, ಮೈಸೂರುಗಳ ಮೂಲಕ ಕೊಳ್ಳೇಗಾಲಕ್ಕೆ ಬರುವುದು 766. ಹಿಂದೆ ಅದು 212 ಆಗಿತ್ತು. ಇಲ್ಲೊಂದು ಎಚ್ಚರ ಬೇಕು. 766 ಸಮಸಂಖ್ಯೆಯಾದರೂ ಅದು ಕರಾವಳಿಯಿಂದ ಪೂರ್ವಕ್ಕೆ ಸಾಗುತ್ತದೆ. ಎರಡಂಕಿಯ ಹೆದ್ದಾರಿಯಲ್ಲಿ ಸಮ-ಬೆಸ ಎಂಬುದು ಅದರ ದಿಕ್ಕು; ಮೂರಂಕಿಯದರಲ್ಲಿ ಅದು ಮನೆತನದ ಹೆಸರಿನಂತೆ ಮೂಲದಿಂದ ಬಂದದ್ದು. ಕವಲಿಗೂ ಕವಲೊಡೆದರೆ ಅಕ್ಷರ ಸೇರುತ್ತದೆ. ಮಂಗಳೂರಿನಿಂದ ಕಾರ್ಕಳ, ತೀರ್ಥಹಳ್ಳಿಗಳ ಮೂಲಕ ಶಿವಮೊಗ್ಗಕ್ಕೆ ಹೋಗುವುದು 169, ಅದರಿಂದ ತೀರ್ಥಹಳ್ಳಿಯಲ್ಲಿ ಬೇರೆಯಾಗಿ ಆಗುಂಬೆ ಘಾಟಿಯನ್ನಿಳಿದು ಉಡುಪಿಗೆ ಹೋಗುವುದು 169ಎ. ಸಂಖ್ಯೆಯನ್ನು ಹಿಂದಿನಿಂದ ಓದಿದರೆ ಈ ಘಾಟಿಯ ರಸ್ತೆಯ ವಂಶಾವಳಿಯೇ ಸಿಗುತ್ತದೆ: 69, ಅದರ ಕವಲು 169, ಅದರ ಕವಲು 169ಎ.

ಈ ಯೋಚನೆಗೆ ಹೊರಗೂ ಪೂರ್ವಜರಿದ್ದಾರೆ. ಅಮೆರಿಕ 1926ರಲ್ಲೇ ತನ್ನ ಹೆದ್ದಾರಿಗಳಿಗೆ ದಿಕ್ಕನ್ನನುಸರಿಸಿ ಸಂಖ್ಯೆ ಕೊಟ್ಟಿತು. ಅಲ್ಲಿ ಉತ್ತರ-ದಕ್ಷಿಣಕ್ಕೆ ಬೆಸ, ಪೂರ್ವ-ಪಶ್ಚಿಮಕ್ಕೆ ಸಮ, ಎಣಿಕೆ ನಮ್ಮಂತೆಯೇ ಪೂರ್ವದಿಂದ ಮತ್ತು ಉತ್ತರದಿಂದ ಆರಂಭ. 1956ರ ಕಾಯ್ದೆಯ ನಂತರ ಅಂತರರಾಜ್ಯ ಹೆದ್ದಾರಿಗಳ ಹೊಸ ಜಾಲ ಬಂದಾಗ ಎಣಿಕೆಯನ್ನು ಪೂರ್ತಿ ತಿರುಗಿಸಿ ಪಶ್ಚಿಮದಿಂದ, ದಕ್ಷಿಣದಿಂದ ಆರಂಭಿಸಿದರು, ಒಂದೇ ಸಂಖ್ಯೆಯ ಎರಡು ದಾರಿಗಳು ಒಂದೇ ರಾಜ್ಯದಲ್ಲಿ ಎದುರಾಗದಿರಲಿ ಎಂದು. ಹಳೆಯ ಜಾಲದ 1 ಅಟ್ಲಾಂಟಿಕ್ ಕರಾವಳಿಯಲ್ಲಿದ್ದರೆ, ಹೊಸ ಜಾಲದಲ್ಲಿ ಅಲ್ಲಿರುವುದು 95. ಬ್ರಿಟನ್ನಿನ ಕ್ರಮ ಇವೆರಡಕ್ಕೂ ಹೊರತು: ಅಲ್ಲಿ ಲಂಡನ್ ಚಕ್ರದ ಗುಂಬವಿದ್ದಂತೆ, ಎ1ರಿಂದ ಎ5ರವರೆಗಿನ ಹೆದ್ದಾರಿಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಅರಗಳಂತೆ ಹೊರಡುತ್ತವೆ. ಒಂದೇ ಕೇಂದ್ರವಿಲ್ಲದ ನಮ್ಮಂಥ ದೊಡ್ಡ ದೇಶಕ್ಕೆ ಚಕ್ರಕ್ಕಿಂತ ಚೌಕುಳಿಯೇ ಹೊಂದುತ್ತದೆ.

ಪಯಣದಲ್ಲಿ ಇದನ್ನೆಲ್ಲ ಗುರುತಿಸಲು ರಸ್ತೆ ಬದಿಯ ಮೈಲಿಗಲ್ಲೇ ಸಾಕು. ತಲೆಗೆ ಹಳದಿ ಬಳಿದಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ರಾಜ್ಯ ಹೆದ್ದಾರಿಗಳ ಎಣಿಕೆ ಆಯಾ ರಾಜ್ಯದ್ದು, ಮೇಲಿನ ನಿಯಮ ಅವಕ್ಕೆ ಅನ್ವಯಿಸದು. ಕೆಲವೆಡೆ ಒಂದೇ ರಸ್ತೆಗೆ ಎರಡು ಸಂಖ್ಯೆಗಳು ಇರುವುದೂ ಉಂಟು. ಬೆಂಗಳೂರಿನಿಂದ ಹೊಸೂರಿನ ಮೂಲಕ ಕೃಷ್ಣಗಿರಿಯವರೆಗೆ 44 ಮತ್ತು 48 ಜೊತೆಯಾಗಿಯೇ ಸಾಗುತ್ತವೆ. ಅಲ್ಲಿಂದ ಮುಂದೆ 44 ಸೇಲಂ ಕಡೆಗೆ ದಕ್ಷಿಣಕ್ಕೆ ಇಳಿಯುತ್ತದೆ, 48 ವೆಲ್ಲೂರಿನ ದಾರಿ ಹಿಡಿದು ಚೆನ್ನೈಗೆ ತಿರುಗುತ್ತದೆ.