ಲಿಂಕ್ ಎಲ್ಲಿ ತೆರೆಯಬೇಕು ಅನ್ನೋದು ಓದುಗರಿಗೆ ಬಿಟ್ಟಿದ್ದು

ಮಂಡ್ಯದ ಸೈಬರ್ ಸೆಂಟರ್‌ನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣ, ಇದು ಹಿಂದಕ್ಕೇ ಹೋಯ್ತಾ ಇಲ್ವಲ್ಲ!" ಭತ್ತದ ತಳಿಗಳ ಬಗ್ಗೆ ಓದುತ್ತಿದ್ದ ರೈತರು ಒಂದು ಲಿಂಕ್ ಒತ್ತಿರುತ್ತಾರೆ. ಪುಟ ಬಂದಿದೆ, ಓದಿಯೂ ಆಗಿದೆ. ಈಗ ಹಿಂದಿನ ಪುಟಕ್ಕೆ ಹೋಗಬೇಕು. ಮೇಲೆ ಎಡಗಡೆಯ ಬಾಣದ ಗುರುತು ಮಾತ್ರ ಮಂಕಾಗಿದೆ. ಎಷ್ಟು ಒತ್ತಿದರೂ ಕದಲುವುದಿಲ್ಲ.

ಕಾರಣ ಸರಳ. ನಾವು ನೋಡಿದ ಪುಟಗಳನ್ನು ಬ್ರೌಸರ್ ಮದುವೆ ಮನೆಯ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿಡುತ್ತದೆ. ಬಾಣ ಒತ್ತಿದರೆ ಮೇಲಿನದು ಸರಿದು ಕೆಳಗಿನದು ಕಾಣುತ್ತದೆ. ಆದರೆ ಈ ಲೆಕ್ಕ ಪ್ರತಿ ಟ್ಯಾಬ್‌ಗೂ ಬೇರೆ ಬೇರೆ. ಲಿಂಕ್ ತಾನಾಗಿಯೇ ಹೊಸ ಟ್ಯಾಬ್‌ನಲ್ಲಿ ತೆರೆದರೆ ಅಲ್ಲಿ ಹಿಂದಿನದು ಏನೂ ಇರುವುದಿಲ್ಲ. ಹಳೆಯ ಪುಟ ಪಕ್ಕದ ಟ್ಯಾಬ್‌ನಲ್ಲೇ ಇರುತ್ತದೆ, ನಿಜ. ಅದು ಕಣ್ಣಿಗೆ ಬೀಳಬೇಕಲ್ವಾ? ಬೀಳದವರು ಮೊದಲಿಂದ ಹುಡುಕುತ್ತಾರೆ, ಅದೇ ಪುಟ ಮೂರು ನಾಲ್ಕು ಕಡೆ ತೆರೆದು ಕೂರುತ್ತದೆ. ಕೆಲವು ಫೋನ್‌ಗಳಲ್ಲಿ ಹಿಂದಕ್ಕೆ ಒತ್ತಿದರೆ ಹೊಸ ಟ್ಯಾಬ್ ಮುಚ್ಚಿ ಹಳೆಯದು ಬರುತ್ತದೆ. ಆದರೆ ಮೆಮೊರಿ ಕಡಿಮೆ ಇರುವ ಫೋನ್ ಆದರೆ ಹಳೆಯ ಪುಟವನ್ನು ಅಷ್ಟರಲ್ಲಿ ಬಿಟ್ಟುಕೊಟ್ಟಿರಬಹುದು. ಆಗ ಅದು ಮತ್ತೆ ಲೋಡ್ ಆಗಬೇಕು.

ಇದು ಇವತ್ತಿನ ದೂರಲ್ಲ. 1999ರಲ್ಲೇ ಜೇಕಬ್ ನೀಲ್ಸನ್ ಎಂಬ ವೆಬ್ ಬಳಕೆಯ ತಜ್ಞರು ಇದನ್ನು ವೆಬ್ ವಿನ್ಯಾಸದ ದೊಡ್ಡ ತಪ್ಪುಗಳ ಪಟ್ಟಿಗೆ ಸೇರಿಸಿದ್ದರು. ಲಿಂಕ್ ಒತ್ತುವುದನ್ನು ಬಿಟ್ಟರೆ ಜನ ಅತಿ ಹೆಚ್ಚು ಬಳಸುವುದು ಈ ಹಿಂದಕ್ಕೆ ಹೋಗುವ ಬಟನ್ನನ್ನೇ ಎಂದು ಅವರು ಹೇಳಿದ್ದರು.

"ಹೊಸ ಟ್ಯಾಬ್ ಕೊಡದಿದ್ದರೆ ಜನ ನಮ್ಮ ಸೈಟ್ ಬಿಟ್ಟು ಹೋಗ್ತಾರೆ" ಎನ್ನುವವರು ಜಾಸ್ತಿ. ಈ ವಾದ ನನಗೆ ಒಪ್ಪಿಗೆಯಿಲ್ಲ. ವಾಪಸ್ ಬರಬೇಕು ಅನಿಸಿದವರಿಗೆ ದಾರಿ ಅದೇ ಬಾಣ. ಅದನ್ನೇ ಕಿತ್ತುಕೊಂಡರೆ ಬರುವವರೂ ಬರುವುದಿಲ್ಲ. ಇನ್ನೂ ಮುಖ್ಯವಾದದ್ದು ಒಂದಿದೆ. ಸಾಮಾನ್ಯ ಲಿಂಕ್ ಕೊಟ್ಟರೆ ಎರಡು ಆಯ್ಕೆಯೂ ಓದುಗರ ಕೈಯಲ್ಲೇ ಇರುತ್ತವೆ. ಸುಮ್ನೆ ಒತ್ತಿದರೆ ಇದೇ ಟ್ಯಾಬ್. ಕಂಟ್ರೋಲ್ ಕೀ ಹಿಡಿದು ಒತ್ತಿದರೆ, ಅಥವಾ ಮೌಸ್‌ನ ಚಕ್ರ ಒತ್ತಿದರೆ ಹೊಸ ಟ್ಯಾಬ್. ಫೋನ್‌ನಲ್ಲಾದರೆ ಲಿಂಕ್ ಮೇಲೆ ಬೆರಳನ್ನು ಹಾಗೇ ಒತ್ತಿ ಹಿಡಿದರಾಯಿತು. ಆದರೆ ಸೈಟ್ ಮಾಡಿದವರೇ ಹೊಸ ಟ್ಯಾಬ್ ಎಂದು ನಿರ್ಧರಿಸಿಬಿಟ್ಟರೆ, ಇದೇ ಟ್ಯಾಬ್‌ನಲ್ಲಿ ತೆರೆಯಲು ಅಷ್ಟು ಸುಲಭದ ಉಪಾಯ ಯಾವುದೂ ಇಲ್ಲ. ಒಬ್ಬರ ಅನುಕೂಲಕ್ಕೆ ಇನ್ನೊಬ್ಬರ ಆಯ್ಕೆಯೇ ಹೋಯಿತು.

ಕಣ್ಣು ಕಾಣದವರಿಗೆ ತೊಂದರೆ ಇನ್ನೂ ಹೆಚ್ಚು. ಅವರು ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್‌ನ ದನಿ ಕೇಳಿಕೊಂಡೇ ದಾರಿ ಹಿಡಿಯಬೇಕು. ಟ್ಯಾಬ್ ಬದಲಾದದ್ದು ತಪ್ಪಿಹೋದರೆ ತಾವು ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಪರದೆಯನ್ನು ಹಿಗ್ಗಿಸಿ ನೋಡುವವರಿಗೆ ಮೇಲಿನ ಟ್ಯಾಬ್ ಪಟ್ಟಿಯೇ ಕಾಣದಿರಬಹುದು. ಎಲ್ಲರಿಗೂ ವೆಬ್ ಎಟುಕಬೇಕು ಎಂದು 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ, ಹೊಸ ವಿಂಡೋ ತೆರೆಯುವುದಾದರೆ ಮೊದಲೇ ತಿಳಿಸಿ ಎಂದು ಸಲಹೆ ಕೊಡುವುದು ಇದಕ್ಕೇ.

ಸುರಕ್ಷತೆಯ ತೊಡಕೂ ಇತ್ತು. ಹೀಗೆ ತೆರೆದ ಹೊಸ ಪುಟಕ್ಕೆ ತನ್ನನ್ನು ತೆರೆದ ಹಳೆಯ ಟ್ಯಾಬನ್ನು ಬೇರೆ ವಿಳಾಸಕ್ಕೆ ಕಳಿಸುವ ಅಧಿಕಾರ ಸಿಗುತ್ತಿತ್ತು. ವಂಚಕರು ಅಲ್ಲಿ ನಕಲಿ ಲಾಗಿನ್ ಪುಟ ತಂದು ನಿಲ್ಲಿಸಬಹುದಿತ್ತು. ಸಫಾರಿ 2019ರಲ್ಲಿ, ಫೈರ್‌ಫಾಕ್ಸ್ 2020ರಲ್ಲಿ, ಕ್ರೋಮ್ 2021ರಲ್ಲಿ ಈ ಬಾಗಿಲನ್ನು ತಾವಾಗಿಯೇ ಮುಚ್ಚಿದವು.

ಹೊಸ ಟ್ಯಾಬ್ ಬೇಕಾಗುವ ಜಾಗವೂ ಇದೆ. ಉದ್ದನೆಯ ಅರ್ಜಿ ತುಂಬುವಾಗ ನಡುವೆ ನಿಯಮ ನೋಡಬೇಕಾದರೆ ಅದು ಬೇರೆ ಟ್ಯಾಬ್‌ನಲ್ಲೇ ತೆರೆಯಲಿ. ಇಲ್ಲದಿದ್ದರೆ ತುಂಬಿದ್ದೆಲ್ಲ ಅಳಿಸಿಹೋಗಬಹುದು. ಆದರೆ ‘ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ’ ಎಂದು ಲಿಂಕ್ ಪಕ್ಕದಲ್ಲೇ ಬರೆದಿರಿ.

ಮಂಡ್ಯ, ಮೈಸೂರಿನಲ್ಲಿ ಊರಿನ ಶಾಲೆಗೆ, ದೇವಸ್ಥಾನಕ್ಕೆ, ಸಹಕಾರ ಸಂಘಕ್ಕೆ ಸೈಟ್ ಮಾಡಿಕೊಡುವ ಹುಡುಗ ಹುಡುಗಿಯರಿಗೆ ಇದು ಹತ್ತು ನಿಮಿಷದ ಕೆಲಸ. ಲಿಂಕನ್ನು ಹೊಸ ಟ್ಯಾಬ್‌ನಲ್ಲಿ ತೆರೆಸುವುದು ಕೋಡ್‌ನಲ್ಲಿರುವ ‘ಟಾರ್ಗೆಟ್ ಬ್ಲ್ಯಾಂಕ್’ ಎಂಬ ಸೂಚನೆ, ಅದು ಇರುವ ಕಡೆಯೆಲ್ಲ ಹುಡುಕಿ. ಅರ್ಜಿ ಪುಟದಲ್ಲಿ ಬಿಟ್ಟು ಉಳಿದ ಕಡೆ ತೆಗೆದುಹಾಕಿ. ಉಳಿಸಿಕೊಂಡ ಕಡೆ, ವಂಚಕರ ಆ ಬಾಗಿಲನ್ನು ಮುಚ್ಚುವ ‘ನೋಓಪನರ್’ ಎಂಬ ಸೂಚನೆ ಸೇರಿಸಿ, ಅದನ್ನು ತಾನಾಗಿ ಮುಚ್ಚದ ಹಳೆಯ ಬ್ರೌಸರ್ ಬಳಸುವವರು ಇನ್ನೂ ಇದ್ದಾರೆ.